ಎಥನಾಲ್ ಮಿಶ್ರಣ ನೀತಿ (ಭಾರತ)

ಕಾಕಂಬಿ, ಕಬ್ಬಿನ ಹಾಲು, ಮೆಕ್ಕೆಜೋಳ ಮುಂತಾದವನ್ನು ಹುದುಗಿಸಿ ಬಟ್ಟಿಯಿಳಿಸಿದ ಎಥನಾಲನ್ನು, ಎಂದರೆ ಮದ್ಯಸಾರವನ್ನು, ಪೆಟ್ರೋಲಿಗೆ ಬೆರೆಸುವ ಈ ಕಾರ್ಯಕ್ರಮ 2003ರಲ್ಲಿ ಶೇ. 5ರ ಪ್ರಮಾಣದಿಂದ ಆರಂಭವಾಯಿತು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು 2030ಕ್ಕೆ ನಿಗದಿಪಡಿಸಿದ್ದ ಶೇ. 20ರ ಗುರಿಯನ್ನು 2022ರ ತಿದ್ದುಪಡಿಯು 2025–26ಕ್ಕೇ ತಂದಿತು. ಕಚ್ಚಾತೈಲದ ಆಮದು ತಗ್ಗಿ, ಸಕ್ಕರೆ ಕಾರ್ಖಾನೆಗಳಿಗೆ ಹಣ ಹರಿದು, ಬೆಳೆಗಾರರ ಬಾಕಿ ಬೇಗ ತೀರುತ್ತದೆಂಬುದು ಸಮರ್ಥಕರ ವಾದ. ಆದರೆ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ ಶಕ್ತಿಯುಳ್ಳ ಎಥನಾಲ್ ಮೈಲೇಜನ್ನು ಕುಗ್ಗಿಸುತ್ತದೆ; ಹಳೆಯ ವಾಹನಗಳ ರಬ್ಬರ್ ಭಾಗಗಳಿಗೂ ಅದು ಒಗ್ಗದಿರಬಹುದು. ಇದಕ್ಕಿಂತ ಗಂಭೀರವಾದ ಆಕ್ಷೇಪ ನೀರಿನದು: ಕಬ್ಬಿಗೆ ಹೆಚ್ಚು ನೀರು ಬೇಕು, ಮಳೆ ಕೈಕೊಟ್ಟರೆ ಸಕ್ಕರೆಗೇ ಕೊರತೆ. ಹಾಗೆ ಮಳೆ ಕೈಕೊಟ್ಟ 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವೇ ಕಬ್ಬಿನ ಹಾಲಿನಿಂದ ಎಥನಾಲ್ ತಯಾರಿಸುವುದನ್ನು ನಿರ್ಬಂಧಿಸಬೇಕಾಯಿತು. ಭತ್ತದ ಹುಲ್ಲಿನಿಂದ ತಯಾರಾಗುವ ಎರಡನೆಯ ತಲೆಮಾರಿನ ಎಥನಾಲ್ ಮತ್ತು ವಿದ್ಯುತ್ ವಾಹನ ಮುಖ್ಯ ಪರ್ಯಾಯಗಳು. ಕರ್ನಾಟಕದಲ್ಲಿ ಪ್ರಚಾರಗೊಂಡ ಹೊಂಗೆಯೆಣ್ಣೆಯಾದರೋ ಡೀಸೆಲ್ಲಿಗಷ್ಟೇ ಬದಲಿ.