ಕಿರ್ಗಿಜ್ ನಾರಿಯರ ಉಣ್ಣೆಯ ಕಲೆ

ಕೋಟೆಕೊತ್ತಲಗಳ ಆಸರೆಯಿಲ್ಲದೆ, ಋತುಋತುವಿಗೂ ನೆಲೆಯನ್ನು ಬದಲಿಸುತ್ತ ಬಾಳಿದ ಜನಾಂಗದ ಇತಿಹಾಸವನ್ನು ಎಲ್ಲಿ ಓದಬೇಕು? ಮಧ್ಯ ಏಷ್ಯದ ತಿಯೆನ್ ಶಾನ್ ಪರ್ವತಗಳಲ್ಲಿ ನೆಲಸಿರುವ ಕಿರ್ಗಿಜರ ಮಟ್ಟಿಗೆ ಈ ಪ್ರಶ್ನೆಗೆ ಉತ್ತರವು ಎರಡು ಕಡೆ ದೊರೆಯುತ್ತದೆ. ಒಂದು, ಗಾಯಕರ ನಾಲಗೆಯ ಮೇಲೆ ಉಳಿದುಬಂದ ‘ಮನಸ್’ ಮಹಾಕಾವ್ಯ. ಇನ್ನೊಂದು, ಹೆಂಗಸರ ಕೈಯಲ್ಲಿ ಉಳಿದುಬಂದ ಉಣ್ಣೆಯ ಹಾಸು. ಮೊದಲನೆಯದರ ಕೀರ್ತಿ ದೂರ ಹರಡಿದೆ. ಎರಡನೆಯದು ಕಾಲ ಕೆಳಗಿನ ವಸ್ತುವಾದುದರಿಂದ ಅದರ ಕಥೆ ಅಷ್ಟಾಗಿ ಕೇಳಿಬಂದಿಲ್ಲ.

ಕಿರ್ಗಿಜರ ನಾಡಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮಲೆ. ಬೇಸಗೆ ಬಂದೊಡನೆ ಮಂದೆಗಳು ಕಣಿವೆಗಳನ್ನು ಬಿಟ್ಟು ‘ಜೈಲೂ’ ಎಂಬ ಎತ್ತರದ ಹುಲ್ಲುಗಾವಲುಗಳಿಗೆ ಏರುವುವು. ಹಿಮ ಬೀಳುವ ಮೊದಲು ಇಳಿಯುವುವು. ಇಂಥ ಗಾವಲುಗಳಲ್ಲಿ ಹೆಸರಾದ ಸೋನ್-ಕೋಲ್ ಸರೋವರದ ತೀರವು ಸಮುದ್ರಮಟ್ಟಕ್ಕಿಂತ ೩,೦೦೦ ಮೀಟರಿಗೂ ಮಿಗಿಲಾದ ಎತ್ತರದಲ್ಲಿದೆ. ಮರಗಳೇ ಬೆಳೆಯದ ಆ ಬಯಲಿನಲ್ಲಿ ಮನೆಯೆಂದರೆ ‘ಬೋಜ್ ಉಯಿ’ ಎಂಬ ದುಂಡನೆಯ ಗುಡಾರ. ಮಡಿಸಬಹುದಾದ ಜಾಲರಿಯ ಗೋಡೆ, ಬಾಗಿದ ಗಳುಗಳ ಮಾಡು, ನೆತ್ತಿಯಲ್ಲಿ ಹೊಗೆಗೂ ಬೆಳಕಿಗೂ ದಾರಿಯಾದ ‘ತುಂಡುಕ್’ ಎಂಬ ಬಳೆ. ಇವಿಷ್ಟೂ ಗಂಡಸರು ಮಾಡುವ ಮರಗೆಲಸ. ಅದನ್ನು ಹೊದಿಸುವ ಉಣ್ಣೆ, ಬಿಗಿಯುವ ಪಟ್ಟಿ, ಒಳಗಿನ ಹಾಸು, ತೆರೆ ಇವೆಲ್ಲವೂ ಹೆಂಗಸರವು. ೧೯೯೨ರಲ್ಲಿ ಸ್ವತಂತ್ರ ರಾಷ್ಟ್ರವು ತನ್ನ ಧ್ವಜದ ನಡುವೆ ತುಂಡುಕ್ಕನ್ನು ಇರಿಸಿಕೊಂಡಿತು. ಆದರೆ ಹೊದಿಕೆಯಿಲ್ಲದೆ ತುಂಡುಕ್ ಒಂದು ಹಂದರ ಮಾತ್ರ, ಮನೆಯಲ್ಲ.

ಆ ಹೊದಿಕೆಗೆ ‘ಕಿಯಿಜ್’ ಎಂದು ಹೆಸರು. ಇದು ಕಂಬಳಿಯಲ್ಲ, ಕಂಬಳಿಗೆ ನೂಲೂ ಮಗ್ಗವೂ ಬೇಕು, ಇದಕ್ಕೆ ಎರಡೂ ಬೇಡ. ಉಣ್ಣೆಯ ಎಳೆಯ ಮೈಮೇಲೆ ಬರಿಗಣ್ಣಿಗೆ ಕಾಣದ ಸಣ್ಣ ಹುರುಪೆಗಳುಂಟು. ಬಿಸಿನೀರು ತಗುಲಿ, ತುಳಿತಕ್ಕೂ ಉಜ್ಜಾಟಕ್ಕೂ ಸಿಕ್ಕಿದಾಗ ಅವು ಒಂದರೊಳಗೊಂದು ತೊಡರಿ ಬಿಡಿಸಲಾಗದಂತೆ ಹೆಣೆದುಕೊಳ್ಳುವುವು. ಹೆಂಗಸರು ಉಣ್ಣೆಯನ್ನು ಕೋಲುಗಳಿಂದ ಬಡಿದು ಹಗುರಮಾಡಿ, ‘ಚೀ’ ಎಂಬ ಗಡುಸು ಹುಲ್ಲಿನ ಚಾಪೆಯ ಮೇಲೆ ಹರಡಿ, ಬಣ್ಣದ ಉಣ್ಣೆಯಿಂದ ಅದರ ಮೇಲೆ ಚಿತ್ರವನ್ನಿಡುತ್ತಾರೆ. ಬಳಿಕ ಕುದಿನೀರು ಚಿಮುಕಿಸಿ, ಚಾಪೆಯ ಸಮೇತ ಸುರುಳಿ ಸುತ್ತಿ, ಹಗ್ಗದಿಂದ ಬಿಗಿದು ನೆಲದ ಮೇಲೆ ಉರುಳಿಸುತ್ತಾರೆ. ಕೆಲವರು ಎಳೆದರೆ ಕೆಲವರು ತುಳಿಯುತ್ತಾರೆ. ಕಡೆಗೆ ಚಾಪೆಯನ್ನು ತೆಗೆದು, ಸಾಲಾಗಿ ಮಂಡಿಯೂರಿ, ಮುಂಗೈಗಳಿಂದ ಒತ್ತಿ ಹದಕ್ಕೆ ತರುತ್ತಾರೆ. ಹೀಗೆ ಚಿತ್ರವು ಉಣ್ಣೆಯಲ್ಲಿಯೇ ಬೆರೆತ ಹಾಸು ‘ಆಲಾ ಕಿಯಿಜ್’. ಒಬ್ಬಳಿಂದಾಗುವ ಕೆಲಸ ಇದಲ್ಲ. ನೆರೆಹೊರೆಯವರು ಕೂಲಿಯಿಲ್ಲದೆ ಕೂಡಿ ದುಡಿಯುವ ಈ ಪದ್ಧತಿಗೆ ಅವರು ‘ಅಶಾರ್’ ಎನ್ನುತ್ತಾರೆ; ನಮ್ಮ ಒಕ್ಕಲಿನವರು ಮುಯ್ಯಾಳು ಎನ್ನುವುದೂ ಇದನ್ನೇ.

‘ಶಿರ್ದಕ್’ ಎಂಬ ಇನ್ನೊಂದು ಬಗೆಯ ಹಾಸು ಇದಕ್ಕಿಂತಲೂ ಹೆಚ್ಚಿನ ತಾಳ್ಮೆಯನ್ನು ಬೇಡುತ್ತದೆ. ಎರಡು ಬಣ್ಣದ ಕಿಯಿಜುಗಳನ್ನು ಒಂದರ ಮೇಲೊಂದಿಟ್ಟು ಎರಡನ್ನೂ ಒಮ್ಮೆಗೇ ಕೊರೆಯುತ್ತಾರೆ. ಕೆಂಪಿನಲ್ಲಿ ಕೊರೆದ ರೂಪು ಕಪ್ಪಿನ ಬಯಲಿಗೂ, ಕಪ್ಪಿನದು ಕೆಂಪಿನ ಬಯಲಿಗೂ ಹೋಗಿ ಕೂಡುತ್ತದೆ. ಒಂದು ಚೂರೂ ವ್ಯರ್ಥವಾಗದೆ ಅಕ್ಕತಂಗಿಯರಂತಹ ಎರಡು ಹಾಸುಗಳು ಹುಟ್ಟುತ್ತವೆ. ಕೂಡಿದ ಗೆರೆಗಳ ಮೇಲೆ ಹುರಿಯನ್ನು ಕೂಡಿಸಿ, ಅಡಿಗೆ ದಪ್ಪ ಕಿಯಿಜನ್ನಿಟ್ಟು ಸಾಲುಸಾಲಾಗಿ ಹೊಲಿಯುವಷ್ಟರಲ್ಲಿ ತಿಂಗಳುಗಳೇ ಉರುಳುತ್ತವೆ. ಟಗರಿನ ಕೊಂಬು, ಕಾಗೆಯ ಉಗುರು, ನಾಯಿಯ ಬಾಲ ಎಂದು ರೂಪುಗಳಿಗೆ ಹೆಸರು. ಮಗಳ ಮದುವೆಗೆಂದು ತಾಯಿ ಇವನ್ನು ಮಾಡಿಡುತ್ತಿದ್ದಳು. ಹೊಲಿಯುತ್ತ ಮಗಳು ಕಲಿಯುತ್ತಿದ್ದಳು.

ಈ ವಿದ್ಯೆ ಪ್ರಾಚೀನವಾದುದು. ಅಲ್ತಾಯಿ ಪರ್ವತದ ಪಜಿರಿಕ್ ಗೋರಿಗಳನ್ನು ರುಡೆಂಕೊ ಎಂಬ ರಷ್ಯನ್ ವಿದ್ವಾಂಸನು ೧೯೪೭ರಿಂದ ೧೯೪೯ರವರೆಗೆ ಅಗೆಯಿಸಿದಾಗ, ಕ್ರಿಸ್ತಪೂರ್ವ ಕಾಲದ ಉಣ್ಣೆಯ ಹಾಸುಗಳು ಮಂಜಿನಲ್ಲಿ ಕೆಡದೆ ಉಳಿದಿದ್ದುವು. ಆ ಜನರೇ ಕಿರ್ಗಿಜರ ಪೂರ್ವಿಕರೆಂದು ಹೇಳುವಂತಿಲ್ಲ. ಆದರೆ ಉಣ್ಣೆಯನ್ನು ಕತ್ತರಿಸಿ ಹೊಲಿಯುವ ಕೈಗೆಲಸವು ಆ ಸೀಮೆಯಲ್ಲಿ ಎರಡು ಸಾವಿರ ವರ್ಷಗಳಿಗೂ ಹಳೆಯದೆಂಬುದು ನಿರ್ವಿವಾದ.

ಇಷ್ಟು ಕಾಲ ಬಾಳಿದುದಕ್ಕೆ ಒಂದೇ ಶತಮಾನದಲ್ಲಿ ಮೂರು ಪೆಟ್ಟು ಬಿದ್ದುವು. ೧೯೧೬ರಲ್ಲಿ ರಷ್ಯದ ಚಕ್ರವರ್ತಿಯು ಯುದ್ಧರಂಗದ ಹಿಂದಣ ಕೂಲಿಗೆ ಆಳುಗಳನ್ನು ಬಲಾತ್ಕಾರದಿಂದ ಹಿಡಿಯಲು ಆಜ್ಞೆಮಾಡಿದನು. ಭೂಮಿಯನ್ನು ಮೊದಲೇ ವಲಸೆಗಾರರಿಗೆ ಕಳೆದುಕೊಂಡಿದ್ದ ಜನ ದಂಗೆಯೆದ್ದರು. ಸೋತು, ಮಂಜಿನ ಕಣಿವೆದಾರಿಗಳಲ್ಲಿ ಚೀನಕ್ಕೆ ಓಡಿಹೋಗುವಾಗ ಅಸಂಖ್ಯಾತರು ಮಡಿದರು. ೧೯೩೦ರ ದಶಕದಲ್ಲಿ ಸೋವಿಯತ್ ಸರಕಾರವು ಮಂದೆಗಳನ್ನು ಸಾಮೂಹಿಕ ಒಕ್ಕಲುಗಳಿಗೆ ಸೇರಿಸಿ, ಅಲೆಮಾರಿಗಳನ್ನು ಊರುಗಳಲ್ಲಿ ನಿಲ್ಲಿಸಿತು. ಶಾಲೆ, ಆಸ್ಪತ್ರೆಗಳು ಬಂದುವು. ಗುಡಾರ ಕುರುಬರ ಬೇಸಗೆಯ ಬಿಡಾರವಾಯಿತು. ೧೯೯೧ರಲ್ಲಿ ಆ ಸಾಮ್ರಾಜ್ಯವೂ ಮುರಿದುಬಿದ್ದು ಒಕ್ಕಲುಗಳು ಚೆದರಿದುವು. ಒಂದು ಕೋಟಿಯ ಸಮೀಪದಲ್ಲಿದ್ದ ಕುರಿಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕೂ ಕೆಳಗಿಳಿಯಿತು, ಸಂಬಳಗಳು ನಿಂತುವು.

ಆಗ ಹೆಂಗಸರ ಕೈಯೇ ಸಂಸಾರಕ್ಕೆ ಆಧಾರವಾಯಿತು. ನಾರಿನ್ ಪ್ರಾಂತದ ಕೊಚ್ಕೋರ್ ಊರಿನಲ್ಲಿ ಸುತ್ತಣ ಹಳ್ಳಿಗಳ ಸ್ತ್ರೀಯರು ‘ಅಲ್ತಿನ್ ಕೋಲ್’, ಎಂದರೆ ಬಂಗಾರದ ಕೈ, ಎಂಬ ಸಹಕಾರ ಸಂಘವನ್ನು ಕಟ್ಟಿಕೊಂಡು ಶಿರ್ದಕ್ಕುಗಳನ್ನು ಮಾರತೊಡಗಿದರು. ಸ್ವಿಟ್ಜರ್ಲೆಂಡಿನ ಒಂದು ಸಂಸ್ಥೆಯ ನೆರವಿನಿಂದ ೨೦೦೦ದ ಸುಮಾರಿಗೆ ಅದೇ ಊರಿನಲ್ಲಿ, ಪ್ರವಾಸಿಗಳನ್ನು ಹಳ್ಳಿಯ ಮನೆಗಳಲ್ಲಿಯೂ ಜೈಲೂವಿನ ಗುಡಾರಗಳಲ್ಲಿಯೂ ಇಳಿಸುವ ಏರ್ಪಾಡು ಬೆಳೆಯಿತು.

ಬಂದವರನ್ನು ಬಾಗಿಲಿಗೆದುರಾದ ‘ತೋರ್’ ಎಂಬ ಗೌರವದ ಸ್ಥಾನದಲ್ಲಿ ಕೂರಿಸುತ್ತಾರೆ. ಕರಿದ ಹಿಟ್ಟಿನ ‘ಬೋರ್ಸೋಕ್’, ಒಣಗಿಸಿದ ಹುಳಿಮೊಸರಿನ ಉಂಡೆಗಳು, ಹುಳಿಯೇರಿದ ಕುದುರೆಹಾಲಿನ ‘ಕುಮಿಸ್’ ಮುಂದೆ ಬರುತ್ತವೆ. ಕುಮಿಸ್ಸನ್ನು ಕಡೆಯುವ ಕಡೆಗೋಲಿಗೆ ‘ಬಿಶ್ಕೆಕ್’ ಎಂದು ಹೆಸರು; ರಾಜಧಾನಿಯ ಹೆಸರೂ ಅದೇ. ಮುದುಕಿಯರು ‘ಎಲೆಚೆಕ್’ ಎಂಬ ಬಿಳಿಯ ರುಮಾಲನ್ನು ಸುತ್ತಿ ತೋರಿಸುತ್ತಾರೆ. ದಾರಿಯಲ್ಲಿ ಕೂಸು ಹುಟ್ಟಿದರೆ ಸುತ್ತುವುದಕ್ಕೂ, ಸಾವು ಬಂದರೆ ಹೊದಿಸುವುದಕ್ಕೂ ಆ ಬಟ್ಟೆಯೇ ಒದಗುತ್ತಿತ್ತೆಂದು ಹಿರಿಯರ ಹೇಳಿಕೆ. ಕಡೆಗೆ ಅತಿಥಿಗಳೂ ಎದ್ದು ಉಣ್ಣೆಯ ಸುರುಳಿಯನ್ನು ತುಳಿಯುತ್ತಾರೆ.

ಮಾರಿದ ಕಲೆ ಕಲೆಯಾಗಿ ಉಳಿಯುವುದೆ ಎಂಬ ಸಂದೇಹ ಇಲ್ಲಿ ಏಳುವುದು ಸಹಜ. ಮಗಳಿಗೆಂದು ಹೊಲಿದುದಕ್ಕೂ ಮಾರಾಟಕ್ಕೆಂದು ಹೊಲಿದುದಕ್ಕೂ ಅಂತರವುಂಟು. ಕೊಳ್ಳುವವರ ರುಚಿಗೆ ಬಣ್ಣವೂ ಅಳತೆಯೂ ಬಾಗುತ್ತವೆ. ಆದರೆ ಮಾರದಿದ್ದರೆ ಏನಾಗುತ್ತಿತ್ತೆಂಬುದನ್ನೂ ಯೋಚಿಸಬೇಕು. ೨೦೧೨ರಲ್ಲಿ ಯುನೆಸ್ಕೋ ಈ ಎರಡು ಹಾಸುಗಳನ್ನೂ ತುರ್ತಾಗಿ ರಕ್ಷಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಬಲ್ಲವರಲ್ಲಿ ಬಹುಮಂದಿ ನಲವತ್ತು ದಾಟಿದವರು, ಕಿರಿಯರಿಗೆ ಆಸಕ್ತಿಯಿಲ್ಲ, ಅಗ್ಗದ ಕೃತಕ ಜಮಖಾನೆಗಳು ಮನೆಗಳನ್ನು ತುಂಬಿವೆ, ಒಳ್ಳೆಯ ಉಣ್ಣೆ ದುರ್ಲಭ ಎಂಬಿವೇ ಕಾರಣಗಳು. ಶಿರ್ದಕ್ಕಿನ ಶತ್ರು ಸಂತೆಯಲ್ಲ, ಮರೆವು. ಅತಿಥಿಗೆ ತೋರಿಸುವ ನೆಪದಿಂದಲಾದರೂ ಅಜ್ಜಿ ಕತ್ತಿಯನ್ನು ಹಿಡಿದಾಗ ಪಕ್ಕದಲ್ಲಿ ಮೊಮ್ಮಗಳು ಹುರಿ ಹೊಸೆಯುತ್ತ ಕುಳಿತಿದ್ದರೆ, ಆ ಪಾಠ ಹಿಂದಿನದೇ ಪಾಠ. ಜೋಡಿಯಾಗಿ ಹುಟ್ಟಿದ ಹಾಸುಗಳಲ್ಲಿ ಒಂದು ಪರದೇಶಕ್ಕೆ ಹೋದರೆ ಹೋಗಲಿ. ಇನ್ನೊಂದು ಆ ಹುಡುಗಿಯ ಮದುವೆಯವರೆಗೆ ಮನೆಯಲ್ಲಿ ಉಳಿದರೆ ಸಾಕು.