ಮಂಜರೂರಿನ ಬಿಡುಗಡೆ ಪತ್ರ: ಹನ್ನೆರಡನೆಯ ಶತಮಾನದ ಒಬ್ಬ ವಲಸಿಗನ ಸಂಸಾರವನ್ನು ಓದುವ ಬಗೆ

1. ಪ್ರವೇಶ

ವಲಸೆ ಬಂದ ಹಿರಿಯನೊಬ್ಬನ ಬದುಕನ್ನು ಹುಡುಕುವವರು ಮೊದಲು ಕೇಳುವುದು ಗಂಡಸರ ಸಾಲನ್ನು. ಅವನು ಯಾರ ಮಗ, ಯಾವ ಊರಿನವನು, ಅವನಿಗೆ ಗಂಡುಮಕ್ಕಳೆಷ್ಟು ಎಂಬ ಪ್ರಶ್ನೆಗಳಿಗೆ ಪತ್ರ, ಲೆಕ್ಕ, ಶಾಸನಗಳಲ್ಲಿ ಉತ್ತರ ಸಿಕ್ಕರೆ ವಂಶಾವಳಿ ಮುಗಿದಂತೆ. ಹನ್ನೆರಡನೆಯ ಶತಮಾನದ ಮಂಗಳೂರಿನಲ್ಲಿ ಸುಮಾರು ಹದಿನೇಳು ವರ್ಷ ನೆಲೆಸಿದ್ದ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿನ ಕಾಗದಗಳಲ್ಲಿ ಈ ಕ್ರಮ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಅವನ ಸಂಸಾರದ ಕೊಂಡಿ ಸಿಗುವುದು ಒಬ್ಬ ಹೆಂಗಸಿನ ಬಿಡುಗಡೆ ಪತ್ರದಲ್ಲಿ. ಆ ಪತ್ರವನ್ನು ಕೇಂದ್ರದಲ್ಲಿಟ್ಟು ಉಳಿದ ದಾಖಲೆಗಳನ್ನು ಓದುವುದು ಈ ಲೇಖನದ ಉದ್ದೇಶ.

2. ಆಕರಗಳ ಸ್ವರೂಪ

ಆ ಕಾಲದ ತುಳುನಾಡನ್ನು ಆಳಿದವರು ಆಳುಪರು. ಅವರ ಶಾಸನಗಳು ದಾನ, ಭೂಮಿ, ದೇವಾಲಯಗಳ ಸುದ್ದಿ ಹೇಳುತ್ತವೆ. ಬಂದರಿನಲ್ಲಿ ಮನೆ ಮಾಡಿಕೊಂಡ ಪರದೇಶಿ ವರ್ತಕನ ಸಂಸಾರಕ್ಕೆ ಕಲ್ಲಿನ ಮೇಲೆ ಜಾಗವಿರಲಿಲ್ಲ. ಇಲ್ಲಿಯ ನಿತ್ಯದ ಬರಹ ತಾಳೆಗರಿಯದು, ನಮ್ಮ ಮಳೆಗೂ ಗೆದ್ದಲಿಗೂ ಅದು ಬಹುಕಾಲ ಬಾಳುವಂಥದಲ್ಲ. ಬೆನ್ ಯಿಜುವಿಗೆ ಏಡನ್ನಿನ ಗೆಳೆಯರು ಸಾಮಾನಿನ ಜೊತೆಗೆ ಕಾಗದವನ್ನೂ ಕಳಿಸುತ್ತಿದ್ದರು. ಬಂದ ಪತ್ರದ ಖಾಲಿ ಜಾಗದಲ್ಲಿ ಅವನು ಲೆಕ್ಕ ಬರೆದ, ಉತ್ತರದ ಕರಡು ಬರೆದ, ಪದ್ಯವನ್ನೂ ಬರೆದ. ಮಂಗಳೂರು ಬಿಡುವಾಗ ಆ ಕಾಗದಗಳನ್ನು ಜೊತೆಗೆ ಒಯ್ದ. ಕೊನೆಗೆ ಅವು ಹಳೆಯ ಕೈರೋದ, ಅಂದರೆ ಫುಸ್ತಾತ್‌ನ, ಬೆನ್ ಎಜ್ರಾ ಸಿನಗಾಗ್‌ನ ಗೆನಿಜಾ ಸೇರಿದವು. ದೇವರ ಹೆಸರಿರಬಹುದಾದ ಬರಹವನ್ನು ಹರಿದೆಸೆಯಬಾರದೆಂದು ಹಳೆಯ ಕಾಗದಗಳನ್ನು ತುಂಬಿಡುತ್ತಿದ್ದ ಕೋಣೆ ಅದು.

1896-97ರಲ್ಲಿ ಸಾಲೊಮನ್ ಶೆಕ್ಟರ್ ಅಲ್ಲಿನ ಬಹುಪಾಲನ್ನು ಕೇಂಬ್ರಿಡ್ಜ್‌ಗೆ ಸಾಗಿಸಿದರು. ಉಳಿದವು ಬೇರೆ ಬೇರೆ ಸಂಗ್ರಹಗಳಿಗೆ ಹೋದವು. ಹಾಗಾಗಿ ಒಂದೇ ಮನೆಯ ಕಾಗದಗಳು ಇಂದು ಹಲವು ದೇಶಗಳಲ್ಲಿವೆ. ಹೆಚ್ಚಿನವುಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಎಸ್. ಡಿ. ಗೊಯಿಟೈನ್ ದಶಕಗಳ ಕಾಲ ಈ ಚೂರುಗಳನ್ನು ಜೋಡಿಸಿದರು. ಅವರು ತೀರಿಕೊಂಡ ಮೇಲೆ ಮೊರ್ದೆಕಾಯ್ ಫ್ರೀಡ್‌ಮನ್ ಆ ಕೆಲಸವನ್ನು ಮುಂದುವರಿಸಿ 2008ರಲ್ಲಿ ಇಂಗ್ಲಿಷ್ ಸಂಪುಟವನ್ನು ಹೊರತಂದರು.

3. ವ್ಯಾಪಾರದ ಕಾಗದಗಳಲ್ಲಿ ಕಾಣುವ ಮನುಷ್ಯ

ಬೆನ್ ಯಿಜು ಇಂದಿನ ಟ್ಯುನೀಷಿಯದ ಮಹ್ದಿಯಾ ಊರಿನವನು, ಪೆರಹ್ಯಾ ಎಂಬವನ ಮಗ. ಏಡನ್‌ನಲ್ಲಿ ವರ್ತಕರ ಮುಖ್ಯಸ್ಥ ಮದ್‌ಮೂನ್‌ನ ಆಶ್ರಯ ಪಡೆದು, 1132ರ ಹೊತ್ತಿಗೆ ಮಂಗಳೂರಿಗೆ ಬಂದಿದ್ದ. ಇಲ್ಲಿಂದ ಅವನು ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಕಳಿಸುತ್ತಿದ್ದ. ಅವನದೊಂದು ಕಂಚಿನ ಕಾರ್ಖಾನೆಯೂ ಇತ್ತು. ಏಡನ್ನಿನವರು ತಾಮ್ರ ಮತ್ತು ಒಡೆದ ಹಳೆಯ ಪಾತ್ರೆಗಳನ್ನು ಹಡಗಿಗೆ ಹಾಕಿ, ಇಂಥ ಆಕಾರದ ದೀಪ, ಇಂಥ ಅಳತೆಯ ತಟ್ಟೆ ಮಾಡಿಸಿ ಕಳಿಸು ಎಂದು ಬರೆಯುತ್ತಿದ್ದರು.

ಇದೇ ಪತ್ರಗಳಲ್ಲಿ ಒಬ್ಬ ಆಳಿನ ಹೆಸರು ಮತ್ತೆ ಮತ್ತೆ ಬರುತ್ತದೆ. ಏಡನ್ನಿನ ಖಲಫ್ ಇಬ್ನ್ ಇಸ್‌ಹಾಕ್ 1148ರಲ್ಲಿ ಬರೆದ ಪತ್ರದಲ್ಲಿ ಅವನಿಗೂ ಕ್ಷೇಮ ಕೋರಿದ್ದಾನೆ. ಲಿಪಿಯಲ್ಲಿ ಸ್ವರಚಿಹ್ನೆಗಳಿಲ್ಲ, ಒತ್ತಕ್ಷರ ತೋರಿಸುವ ಗುರುತೂ ಇಲ್ಲ. ಗೊಯಿಟೈನ್ ಆ ಹೆಸರನ್ನು 'ಬಾಮ' ಎಂದು ಓದಿದರು. ಲೇಖಕ ಅಮಿತಾವ್ ಘೋಷ್ ಈ ಆಳಿನ ಜಾಡು ಹಿಡಿದು ಮಂಗಳೂರಿಗೆ ಬಂದಾಗ ವಿದ್ವಾಂಸ ಬಿ. ಎ. ವಿವೇಕ ರೈ ಅದು 'ಬೊಮ್ಮ' ಇರಬೇಕೆಂದು ಸೂಚಿಸಿದರು. ಹಳಗನ್ನಡ ಶಾಸನಗಳಲ್ಲಿ ಬೊಮ್ಮಯ್ಯ, ಬೊಮ್ಮಿಸೆಟ್ಟಿಯರನ್ನು ಕಂಡವರಿಗೆ, ತುಳುನಾಡಿನ ದೈವ ಬೆರ್ಮೆರನ್ನು ಬಲ್ಲವರಿಗೆ ಈ ಓದು ಸಹಜವೆನಿಸುತ್ತದೆ. ಕಾಗದ ಕೈರೋದಲ್ಲಿ ಉಳಿಯಿತು. ಹೆಸರನ್ನು ಉಚ್ಚರಿಸುವ ನಾಲಿಗೆ ಇಲ್ಲಿತ್ತು. ವಲಸಿಗರ ದಾಖಲೆ ಓದುವವರಿಗೆ ಎರಡೂ ಬೇಕು.

ಬೊಮ್ಮ ದಾಸನೇ ಆದರೂ ಒಡೆಯನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ನೋಡುತ್ತಿದ್ದ. ದುಡಿದವನ ಹೆಸರು ಲೆಕ್ಕದಲ್ಲಿ ಬರಲೇಬೇಕು, ಆದ್ದರಿಂದ ಅವನು ನಮಗೆ ಸಿಕ್ಕಿದ್ದಾನೆ. ಮನೆಯೊಳಗಿದ್ದವಳ ಮಾತು ಬೇರೆ.

4. ಅಶುವಿನ ಪತ್ರ

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ, ಪತ್ರದ ಭಾಷೆಯಲ್ಲಿ ಮಂಜರೂರಿನಲ್ಲಿ, ಬೆನ್ ಯಿಜು ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ. ಆ ಪತ್ರ ಈಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಅಶು ಯೆಹೂದಿ ಧರ್ಮಕ್ಕೆ ಸೇರಿ ಬೆರಾಖಾ ಎಂಬ ಹೆಸರು ಪಡೆದಳು. ಅದು ಅವನ ತಂಗಿಯ ಹೆಸರೂ ಹೌದು. ಅಶುವನ್ನೇ ಬೆನ್ ಯಿಜು ಮದುವೆಯಾದನೆಂದೂ ಅವನ ಮಕ್ಕಳು ಅವಳ ಹೊಟ್ಟೆಯಲ್ಲಿ ಹುಟ್ಟಿದವರೆಂದೂ ವಿದ್ವಾಂಸರು ತರ್ಕಿಸಿದ್ದಾರೆ. ಏಡನ್ನಿನ ಗೆಳೆಯರು ಮಕ್ಕಳ ಕ್ಷೇಮ ಕೇಳುತ್ತಾರೆ, ಬೊಮ್ಮನ ಕ್ಷೇಮ ಕೇಳುತ್ತಾರೆ. ಮಕ್ಕಳ ತಾಯಿಯ ಹೆಸರೆತ್ತುವುದಿಲ್ಲ.

ಹಾಗಿದ್ದ ಮೇಲೆ ಈ ಪತ್ರವೇಕೆ ಹುಟ್ಟಿತು, ಏಕೆ ಉಳಿಯಿತು? ಉತ್ತರ ಯೆಹೂದಿ ಧರ್ಮಶಾಸ್ತ್ರದಲ್ಲಿದೆ. ಅಲ್ಲಿ ಮಗುವಿನ ಸ್ಥಿತಿ ತಾಯಿಯದು: ದಾಸಿಯ ಮಗು ದಾಸ್ಯದಲ್ಲೇ ಹುಟ್ಟುತ್ತದೆ, ಬಿಡುಗಡೆಯಾಗಿ ಧರ್ಮ ಸೇರಿದವಳ ಮಗು ಸಮುದಾಯದ ಮಗು. ಮುಂದೊಂದು ದಿನ ಮಕ್ಕಳ ಕುಲವನ್ನು ಯಾರಾದರೂ ಕೇಳಿದರೆ ತೋರಿಸಬೇಕಾದ ಕಾಗದ ಇದು. ಪ್ರೀತಿಗೆ ಸಾಕ್ಷಿಯಾಗಿ ಇದನ್ನು ಓದುವ ಆಸೆ ಸಹಜವೇ. ಆದರೆ ಇದು ಉಳಿದುಬಂದದ್ದು ಕಾನೂನಿಗೆ ಅವಳ ಹೆಸರು ಬೇಕಾಗಿದ್ದರಿಂದ.

ಎರಡನೆಯ ಸುಳಿವು ಅವನ ಲೆಕ್ಕದ ಚೀಟಿಯೊಂದರಲ್ಲಿದೆ. ಅಲ್ಲಿ ಭಾವಮೈದುನನ ಲೆಕ್ಕ ಬಂದಿದೆ, ಅವನ ಹೆಸರು 'ನಾಯರ್'. ಇದರ ಆಧಾರದ ಮೇಲೆ ಅಶು ಮಲಬಾರಿನ ನಾಯರ್ ಮನೆತನದವಳಿರಬಹುದೆಂಬ ಅಭಿಪ್ರಾಯ ಬಂದಿದೆ. ಅದು ಸರಿಯಾದರೆ, ತಾಯಿಯ ಕಡೆಯಿಂದ ಕುಲ ಎಣಿಸುವ ಮನೆತನದ ಹೆಣ್ಣು ಅವಳು. ಅಳಿಯಸಂತಾನದ ನಾಡಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ: ಆ ಎಣಿಕೆಯಲ್ಲಿ ಮಕ್ಕಳು ತಾಯಿಮನೆಗೆ ಸೇರಿದವರು, ಆ ನಾಯರ್ ಅವರ ಸೋದರಮಾವ. ಹಿರಿಯನ ಸ್ಥಾನ ಅವನದು. ಕಾಗದದಲ್ಲಿ ಅವನಿಗೆ ದಕ್ಕಿದ್ದು ಲೆಕ್ಕದ ಒಂದು ಸಾಲು.

5. ಮಗಳ ಮದುವೆ

1148ರಲ್ಲಿ ಸಿಸಿಲಿಯ ದೊರೆ ಎರಡನೆಯ ರೋಜರ್‌ನ ಸೈನ್ಯ ಮಹ್ದಿಯಾವನ್ನು ಹಿಡಿಯಿತು. 1149ರಲ್ಲಿ ಬೆನ್ ಯಿಜು ಮಕ್ಕಳೊಂದಿಗೆ ಏಡನ್‌ಗೆ ಮರಳಿ, ಚೆದುರಿಹೋದ ಒಡಹುಟ್ಟಿದವರನ್ನು ಪತ್ರ ಬರೆದು ಹುಡುಕತೊಡಗಿದ. ಮಗ ಯೆಮನ್‌ನಲ್ಲಿ ತೀರಿಕೊಂಡ. ಉಳಿದವಳು ಮಗಳು ಸಿತ್ತ್ ಅಲ್-ದಾರ್. ಅವಳನ್ನು ಮೂರು ವರ್ಷ ಮನೆಯಲ್ಲಿಟ್ಟುಕೊಂಡಿದ್ದ ಏಡನ್ನಿನ ಮಿತ್ರನೊಬ್ಬ ತನ್ನ ಮಗನಿಗೆ ತಂದುಕೊಳ್ಳಲು ಕೇಳಿದ. ಬೆನ್ ಯಿಜು ಒಪ್ಪಲಿಲ್ಲ. ಸಿಸಿಲಿಯಲ್ಲಿದ್ದ ತಮ್ಮ ಯೂಸುಫ್‌ನ ಮಗ ಪೆರಹ್ಯಾನನ್ನು ಕರೆಸಿದ. ತಾತನ ಹೆಸರೇ ಮೊಮ್ಮಗನದು. 1156ರಲ್ಲಿ ಫುಸ್ತಾತ್‌ನಲ್ಲಿ ಮದುವೆ ನಡೆಯಿತು. ವಧು ತಂದ ಒಡವೆ ವಸ್ತುಗಳ ಪಟ್ಟಿ ಉಳಿದಿದೆ.

ತಂದೆಯ ಕಣ್ಣಿನಲ್ಲಿ ಇದು ಮನೆ ಉಳಿಸುವ ಸಂಬಂಧ. ಮಗಳು ಹುಟ್ಟಿದ ನಾಡಿನಲ್ಲಿ ಅಣ್ಣತಮ್ಮಂದಿರ ಮಕ್ಕಳು ಅಣ್ಣತಂಗಿಯರು. ಅವರೊಳಗೆ ಮದುವೆಯ ಮಾತೇ ಏಳದು. ಇಲ್ಲಿ ಹೆಣ್ಣು ಕೇಳುವ ಹಕ್ಕಿದ್ದದ್ದು ಸೋದರಮಾವನ ಕಡೆಯವರಿಗೆ. ಒಂದೇ ಮದುವೆಯನ್ನು ಎರಡು ದಡಗಳಿಂದ ನೋಡಿದರೆ ಎರಡು ಬಗೆಯ ನೆಂಟಸ್ತಿಕೆ ಕಾಣುತ್ತದೆ, ಕಾಗದ ಬರೆದಿಟ್ಟದ್ದು ಒಂದನ್ನು ಮಾತ್ರ.

6. ಉಪಸಂಹಾರ

ಬಿಡುಗಡೆ ಪತ್ರ, ಲೆಕ್ಕದ ಒಂದು ಸಾಲು, ವಧುವಿನ ಒಡವೆಪಟ್ಟಿ: ಈ ಮೂರನ್ನೂ ಒಟ್ಟಿಗಿಟ್ಟರೆ ಅಶು, ಅವಳ ಅಣ್ಣನೋ ತಮ್ಮನೋ ಆದ ನಾಯರ್, ಅವಳ ಮಗಳು ಎಂಬ ಒಂದು ಸಣ್ಣ ವಂಶಾವಳಿ ಆಗುತ್ತದೆ. ಬೆನ್ ಯಿಜುವಿನ ಪತ್ರವ್ಯವಹಾರವೆಲ್ಲ ಹೇಳುವ ಗಂಡಸರ ಸಾಲಿನ ಪಕ್ಕದಲ್ಲಿ ಇದು ನಿಲ್ಲುತ್ತದೆ. ನಮ್ಮ ಮನೆತನಗಳ ಚರಿತ್ರೆ ಬರೆಯುವವರಿಗೂ ಇದರಿಂದ ಒಂದು ಕ್ರಮ ಸಿಗುತ್ತದೆ. ಪತ್ರಗಳು ಸುಮ್ಮನಿರುವಲ್ಲಿ ಪಾಲುಪಟ್ಟಿ, ದಾನಪತ್ರ, ಹಕ್ಕುಬಿಡುಗಡೆ, ಸಾಲದ ಚೀಟಿಗಳನ್ನು ತೆರೆಯಬೇಕು. ಹೆಂಗಸಿನ ಹೆಸರು ಹೇಳದೆ ಕೆಲಸ ಸಾಗದ ಕಡೆ ಬರೆಯುವವನು ಅದನ್ನು ಬರೆದೇ ಇರುತ್ತಾನೆ. ಅಶುವಿನ ಹೆಸರು ನಮ್ಮವರೆಗೆ ಬಂದದ್ದು ಹಾಗೆ.