ಒಂದು ಚಕ್ರ ಕೆಸರಲ್ಲಿ, ಒಂದು ಚಕ್ರ ಗಟ್ಟಿ ನೆಲದಲ್ಲಿ

ಹೋದ ವರ್ಷ ಆಲೂಗಡ್ಡೆ ಕಿತ್ತ ದಿನ ಮಧ್ಯಾಹ್ನ ಮಳೆ ಹಿಡ್ಕೊಂತು. ಬಾಡಿಗೆ ಪಿಕಪ್‌ಗೆ ಮೂಟೆ ಏರಿಸಿ ಆಗಿತ್ತು. ಬದುವಿನ ಪಕ್ಕ ತಿರುಗಿಸುವಾಗ ಎಡಗಡೆಯ ಹಿಂದಿನ ಚಕ್ರ ಕೆಸರಿಗೆ ಇಳೀತು. ಬಲಗಡೆಯದು ಗಟ್ಟಿ ಗೊರಚಲು ನೆಲದ ಮೇಲೇ ಇತ್ತು. ಡ್ರೈವರ್ ರೇಸ್ ಕೊಟ್ಟಷ್ಟೂ ಎಡಗಡೆ ಚಕ್ರ ಬುಗುರಿ ತಿರುಗಿದ ಹಾಗೆ ತಿರುಗಿತು. ಬಲಗಡೆಯದು ಅಲ್ಲಾಡಲೇ ಇಲ್ಲ. ಗಟ್ಟಿ ನೆಲ ಕಾಲ ಕೆಳಗೇ ಇದೆ, ಆದ್ರೂ ಗಾಡಿ ಹೋಗ್ತಿಲ್ಲ! ಮೂರು ಗಂಟೆ ಆದ ಮೇಲೆ ಪಕ್ಕದ ಹೊಲದವರ ಟ್ರ್ಯಾಕ್ಟರ್ ಬಂದು ಎಳೀತು. ಹಾಸನದ ಮಾರುಕಟ್ಟೆಗೆ ಹೋಗೋ ಹೊತ್ತಿಗೆ ಹರಾಜು ಮುಗಿದಿತ್ತು. ಮಾರನೇ ದಿನ ಒದ್ದೆ ಮೂಟೆಗೆ ಸಿಕ್ಕಿದ್ದು ಒದ್ದೆ ಮೂಟೆಯ ರೇಟು.

ಈ ವರ್ಷ ಸ್ವಂತ ಗಾಡಿ ತಗೊಳ್ಳೋಣ ಅಂತ ತೀರ್ಮಾನ ಆಯ್ತು. ಸೆಕೆಂಡ್ ಹ್ಯಾಂಡ್, ಡಬಲ್ ಕ್ಯಾಬಿನ್, ನಾಲ್ಕೂ ಚಕ್ರಕ್ಕೆ ಡ್ರೈವ್ ಇರೋದು. ಎರಡು ಗಾಡಿ ಕಣ್ಣಿಗೆ ಬಿದ್ವು. ಒಂದರ ಹಿಂದಿನ ಡಿಫರೆನ್ಷಿಯಲ್‌ನಲ್ಲಿ ಕಂಪನಿಯಿಂದಲೇ ಬಂದ ಆಟೋಮ್ಯಾಟಿಕ್ ಲಾಕ್ ಇದೆ, ಇನ್ನೊಂದರಲ್ಲಿ ಇಲ್ಲ. ವ್ಯತ್ಯಾಸ ಒಂದೂವರೆ ಲಕ್ಷ. ಅಣ್ಣನ ಮಗ "ಚಿಕ್ಕಪ್ಪ, ಲಾಕ್ ಇರೋದನ್ನೇ ತಗೊಳ್ಳೋಣ, ಕಣ್ಣುಮುಚ್ಚಿ" ಅಂದ. ಗ್ಯಾರೇಜಿನ ಮೇಸ್ತ್ರಿ "ಸುಮ್ನೆ ದುಡ್ಡು ಯಾಕಣ್ಣಾ, ಲಾಕ್ ಇಲ್ದೇ ಇರೋದನ್ನ ತಗೊಳ್ಳಿ, ಒಳಗಿನ ಸ್ಟಾರ್ ಗೇರ್ ವೆಲ್ಡ್ ಮಾಡಿಕೊಡ್ತೀನಿ, ಜನ್ಮಕ್ಕೂ ಸಿಕ್ಕಾಕೊಳಲ್ಲ" ಅಂದ. ಒಂದೂವರೆ ಲಕ್ಷ ಅಂದ್ರೆ ನಮಗೆ ಒಂದು ಬೆಳೆಯ ಗೊಬ್ಬರ, ಬಿತ್ತನೆ, ಕೂಲಿ. ಕೊಡೋಕೆ ಮುಂಚೆ ಈ ವಸ್ತು ಎಲ್ಲಿಂದ ಬಂತು, ಯಾರಿಗೋಸ್ಕರ ಬಂತು ಅಂತ ಕೆದಕುತ್ತಾ ಹೋದೆ. ಸಿಕ್ಕಿದ್ದನ್ನ ಇಲ್ಲಿ ಬರೀತಿದ್ದೀನಿ.

ಎತ್ತಿನ ಗಾಡಿಗೆ ಈ ತಾಪತ್ರಯ ಇರಲಿಲ್ಲ. ಅಚ್ಚು ತಿರುಗಲ್ಲ, ಅಚ್ಚಿನ ಮೇಲೆ ಚಕ್ರ ತಿರುಗುತ್ತೆ. ಕಡಾಣಿ ಹಾಕಿ ಕೀಲೆಣ್ಣೆ ಹಚ್ಚಿದರೆ ಒಂದೊಂದು ಚಕ್ರವೂ ತನ್ನ ಪಾಡಿಗೆ ತಾನು ಉರುಳುತ್ತೆ. ಎಳೆಯೋ ಶಕ್ತಿ ಚಕ್ರದಿಂದ ಬರೋದಲ್ಲವಲ್ಲ, ಎತ್ತಿನ ಹೆಗಲಿನಿಂದ ಬರೋದು. ಯಾವಾಗ ಚಕ್ರವೇ ಗಾಡಿಯನ್ನು ನೂಕಬೇಕಾಗಿ ಬಂತೋ, ಆಗ ಶುರುವಾಯ್ತು ಫಜೀತಿ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು. ಎರಡು ಚಕ್ರದ ನಡುವೆ 1.4 ಮೀಟರ್ ಇದ್ದರೆ, ಕಾಲು ಸುತ್ತು ತಿರುಗೋದ್ರಲ್ಲಿ ಹೊರ ಚಕ್ರ ಒಳ ಚಕ್ರಕ್ಕಿಂತ ಸುಮಾರು 2.2 ಮೀಟರ್ ಜಾಸ್ತಿ ಓಡಬೇಕು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಯಾವುದಾದರೂ ಒಂದು ನೆಲ ಉಜ್ಜಲೇಬೇಕು.

ಇದಕ್ಕೆ ಇವತ್ತಿನ ರೂಪದ ಪರಿಹಾರ ಕೊಟ್ಟವನು ಫ್ರಾನ್ಸಿನ ಗಡಿಯಾರ ಕುಶಲಿ ಒನೆಸಿಫೋರ್ ಪೆಕ್ಯೂರ್. 1820ರ ದಶಕದ ಕೊನೆಯಲ್ಲಿ, ಹಬೆ ಗಾಡಿಗೋಸ್ಕರ. ಆಮೇಲೆ 1877ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಅದನ್ನ ಪೆಡಲ್ ಗಾಡಿಗೆ ತಂದ. ಅಪ್ಪ ಮಗ ಪಕ್ಕ ಪಕ್ಕ ಕೂತು ತುಳಿಯೋ ಗಾಡಿ. ಮಗನ ಕಾಲು ಬಲವಾಗಿದ್ದರಿಂದ ಗಾಡಿ ಒಂದೇ ಕಡೆ ಎಳೆದುಕೊಂಡು ಹೋಗಿ ಇಬ್ಬರೂ ರಸ್ತೆ ಪಕ್ಕಕ್ಕೆ ಬಿದ್ದರಂತೆ. ಆಗಲೇ ಸ್ಟಾರ್ಲಿಗೆ ಇದು ಹೊಳೆದದ್ದು ಅಂತ ಕಥೆ ಹೇಳ್ತಾರೆ. ಜೋಡಿ ಸರಿಯಿಲ್ಲದ ಎತ್ತು ಕಟ್ಟಿದವರಿಗೆ ಈ ಕಥೆ ನಂಬೋಕೆ ಕಷ್ಟ ಆಗಲ್ಲ.

ಡಿಫರೆನ್ಷಿಯಲ್ ಅರ್ಥ ಆಗಬೇಕಾದರೆ ನೊಗವನ್ನೇ ನೋಡಿ. ನೊಗದ ನಡುವೆ ಹಗ್ಗ ಬಿಗಿದಿರ್ತೀವಿ. ಒಂದು ಎತ್ತು ಎಳೆಯದೆ ನಿಂತರೆ ನೊಗ ಓರೆ ಆಗುತ್ತೆ, ಇನ್ನೊಂದು ಎತ್ತು ಎಷ್ಟೇ ಬಲಶಾಲಿ ಆದರೂ ಅದರ ಎಳೆತ ಗಾಡಿಗೆ ಸಿಗಲ್ಲ. ಸೋಮಾರಿ ಎತ್ತು ಎಷ್ಟು ಎಳೀತೋ ಬಲವಾದದ್ದರಿಂದಲೂ ಅಷ್ಟೇ. ಗಾಡಿಯಲ್ಲೂ ಹಾಗೇ. "ಶಕ್ತಿಯೆಲ್ಲಾ ಜಾರೋ ಚಕ್ರಕ್ಕೆ ಹೋಯ್ತು" ಅಂತ ನಾವು ಹೇಳೋದು ಪೂರ್ತಿ ಸರಿಯಲ್ಲ. ಡಿಫರೆನ್ಷಿಯಲ್ ಎರಡೂ ಕಡೆಗೆ ಸಮನಾದ ತಿರುಚುಬಲವನ್ನೇ ಹಂಚುತ್ತೆ. ಕೆಸರಲ್ಲಿರೋ ಚಕ್ರಕ್ಕೆ ಹಿಡಿತ ಇಲ್ಲದಿರೋದರಿಂದ ಅದು ತಗೊಳ್ಳೋದು ಚೂರೇ ಚೂರು. ಹಾಗಾಗಿ ಗಟ್ಟಿ ನೆಲದ ಮೇಲಿರೋದಕ್ಕೂ ಸಿಗೋದು ಚೂರೇ. ಲಾಕ್ ಅಂದ್ರೆ ನೊಗ ಓರೆಯಾಗದ ಹಾಗೆ ಮೂಕಿಗೆ ಅಡ್ಡಡ್ಡ ಬಿಗಿದು ಕಟ್ಟೋದು. ಆಗ ಒಂದೇ ಎತ್ತು ಎಳೆದರೂ ಗಾಡಿ ಕದಲುತ್ತೆ.

ಈ ಕಟ್ಟನ್ನ ಯಾರು ಹಾಕಬೇಕು, ಯಾರು ಬಿಚ್ಚಬೇಕು? ಲಾಕಿನ ಇತಿಹಾಸ ಎರಡು ದಾರಿ ಹಿಡಿದದ್ದು ಇಲ್ಲೇ.

ಒಂದು ನಮ್ಮದು, ರೈತರ ದಾರಿ. ನೇಗಿಲು ಹೊಡೆಯುವಾಗ ಟ್ರ್ಯಾಕ್ಟರಿನ ಒಂದು ಚಕ್ರ ಸಾಲಿನಲ್ಲಿ, ಇನ್ನೊಂದು ಉಳದ ನೆಲದ ಮೇಲೆ. ಟ್ರ್ಯಾಕ್ಟರ್ ಓರೆಯಾಗಿ ಮೇಲಿನ ಚಕ್ರದ ಮೇಲೆ ಭಾರ ಕಮ್ಮಿ ಆಗುತ್ತೆ, ಜಾರುತ್ತೆ. ಅದಕ್ಕೇ ಹಿಮ್ಮಡಿಯಿಂದ ಒತ್ತೋ ಡಿಫ್ ಲಾಕ್ ಪೆಡಲ್ ಬಂತು. ಪೆಡಲ್ ಬರೋಕೆ ಮೊದಲೂ ಒಂದು ಉಪಾಯ ಇತ್ತು, ಜೋಡಿ ಬ್ರೇಕ್. ಜಾರೋ ಚಕ್ರದ ಬ್ರೇಕನ್ನ ಮಾತ್ರ ಮೆಲ್ಲಗೆ ಅದುಮಿದರೆ ಇನ್ನೊಂದಕ್ಕೆ ಬಲ ಸಿಗುತ್ತೆ. ಹೊಸ ಕಾರುಗಳಲ್ಲಿ ಕಂಪ್ಯೂಟರ್ ಮಾಡೋ ಕೆಲಸವೂ ಇದೇ.

ಇದೇ ದಾರಿಯಲ್ಲಿ ಜರ್ಮನಿಯ ಯೂನಿಮಾಗ್ ಬರುತ್ತೆ. ಯುದ್ಧದಲ್ಲಿ ಸೋತ ದೇಶಕ್ಕೆ ಊಟ ಬೇಕಿತ್ತು. ಆಲ್ಬರ್ಟ್ ಫ್ರೀಡ್ರಿಕ್ ಎಂಬ ಎಂಜಿನಿಯರ್ ಹೊಲಕ್ಕೂ ರಸ್ತೆಗೂ ಆಗೋ ಲಾರಿ ಮಾಡಿದ. 1948ರಿಂದ ತಯಾರಿಕೆ ಶುರು. ನಾಲ್ಕು ಚಕ್ರಕ್ಕೂ ಡ್ರೈವ್, ಮುಂದೂ ಹಿಂದೂ ಡ್ರೈವರ್ ಕೈಯಲ್ಲಿರೋ ಲಾಕ್. ಚಕ್ರದ ನಡುವಿನ ಅಗಲ 1270 ಮಿಲಿಮೀಟರ್. ಯಾಕೆ ಗೊತ್ತಾ? ಎರಡು ಆಲೂಗಡ್ಡೆ ಸಾಲಿನ ಅಗಲ ಅದು! ಮುಂದೆ ಸೈನ್ಯಗಳೂ ಇಷ್ಟಪಟ್ಟ ಈ ಗಾಡಿಯ ಅಳತೆ ಹುಟ್ಟಿದ್ದು ಆಲೂಗಡ್ಡೆ ಹೊಲದಲ್ಲಿ. ಹಾಸನ ಸೀಮೆಯವನಾಗಿ ಇದನ್ನ ಓದಿ ನನಗೆ ನಗು ಬಂತು, ಖುಷಿನೂ ಆಯ್ತು.

ಇನ್ನೊಂದು ಸೈನ್ಯದ ದಾರಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಥಾರ್ನ್‌ಟನ್ 'ನೋ ಸ್ಪಿನ್' ಬಂತು, ಸೈನ್ಯದ ಲಾರಿಗಳಿಗೆ ಹಾಕಿದರು. ಮುಂದೆ ಇದೇ 'ಡೆಟ್ರಾಯಿಟ್ ಲಾಕರ್' ಅಂತ ಹೆಸರಾಯ್ತು. ಇದು ಸದಾ ಲಾಕ್ ಆಗೇ ಇರುತ್ತೆ. ತಿರುವಿನಲ್ಲಿ ಹೊರ ಚಕ್ರ ಮುಂದೆ ಓಡಿದಾಗ ಮಾತ್ರ ಆ ಕಡೆಯ ಹಲ್ಲು ಬಿಟ್ಟುಕೊಂಡು, ನೇರ ಆದ ತಕ್ಷಣ ಮತ್ತೆ ಕಚ್ಚುತ್ತೆ. ಡ್ರೈವರ್ ಏನೂ ಮಾಡಬೇಕಿಲ್ಲ. ರಾತ್ರಿ, ಅವಸರ, ಹೊಸ ಹುಡುಗ ಸ್ಟೀರಿಂಗ್ ಹಿಡಿದಿರ್ತಾನೆ. ಅಂಥ ಕಡೆ ಇದು ಸರಿ ಅಂತ ನನಗನ್ನಿಸುತ್ತೆ. ಆದ್ರೆ ತಿರುವಿನಲ್ಲಿ ರೇಸ್ ಬಿಟ್ಟು ಮತ್ತೆ ಕೊಟ್ಟರೆ ಟಕ್ ಅಂತ ಜಗ್ಗುತ್ತೆ. ಗಾಡಿಯ ಬಾಲ ಒಂದು ಕಡೆ ನೂಕಿದ ಹಾಗಾಗುತ್ತೆ. ಮಜಾ ಅಂದ್ರೆ, ಅದೇ ಯುದ್ಧದ ವಿಲ್ಲೀಸ್ ಜೀಪಿಗೆ ಯಾವ ಲಾಕೂ ಇರಲಿಲ್ಲ. ಸ್ವಾತಂತ್ರ್ಯ ಬಂದ ಕಾಲದಲ್ಲಿ ಮಹೀಂದ್ರಾದವರು ಮುಂಬೈಯಲ್ಲಿ ಜೋಡಿಸೋಕೆ ಹಿಡಿದದ್ದು ಆ ವಿಲ್ಲೀಸ್ ವಂಶದ ಜೀಪನ್ನೇ. ಸಕಲೇಶಪುರದ ಕಾಫಿ ತೋಟಗಳಲ್ಲಿ ಎಷ್ಟೋ ವರ್ಷ ಅಂಥ ಜೀಪು ದುಡಿದದ್ದು ಲಾಕ್ ಇಲ್ಲದೆ, ಚಕ್ರಕ್ಕೆ ಚೈನು ಸುತ್ತಿಕೊಂಡು.

ಈಗ ನನ್ನದೇ ಕಥೆ ಹೇಳಬೇಕು. 1994. ನನಗೆ ಇಪ್ಪತ್ತೆರಡು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ನಾಲೆ ನೀರು ಬಂದು, ನಮ್ಮ ಹೊಳೆನರಸೀಪುರದ ಕಡೆ ಗದ್ದೆ ಹೆಚ್ಚಾಗಿತ್ತು. ಕೇಜ್ ವೀಲ್ ಹಾಕಿ ಗದ್ದೆ ಕೆಸರು ಮಾಡಿ, ಸಂಜೆ ಚಕ್ರ ಬಿಚ್ಚಿ ನಾಲೆ ಏರಿ ಮೇಲೆ ಮನೆಗೆ ಹೊರಟಿದ್ದೆ. ಗದ್ದೆಯಿಂದ ಹತ್ತೋವಾಗ ಜಾರಿತು ಅಂತ ಡಿಫ್ ಲಾಕ್ ಒತ್ತಿದ್ದೆ. ಕಾಲು ತೆಗೆದೆ. ಆದ್ರೆ ಸ್ಪ್ರಿಂಗ್ ತುಕ್ಕು ಹಿಡಿದಿತ್ತು, ಪೆಡಲ್ ಮೇಲೆ ಬರಲಿಲ್ಲ. ನಾನೂ ನೋಡಲಿಲ್ಲ. ಏರಿ ಮೇಲೆ ಎಡಕ್ಕೆ ಸ್ಟೀರಿಂಗ್ ತಿರುಗಿಸಿದೆ. ಮುಂದಿನ ಚಕ್ರ ತಿರುಗಿತು, ಟ್ರ್ಯಾಕ್ಟರ್ ತಿರುಗಲಿಲ್ಲ. ನೆಟ್ಟಗೆ ಹೋಗಿ ನಾಲೆಗೆ ಮೂಗು ತೂರಿಸಿತು. ಮಡ್‌ಗಾರ್ಡ್ ಮೇಲೆ ಕೂತಿದ್ದ ನನ್ನ ತಮ್ಮ ನೀರಿಗೆ ಬಿದ್ದ. ಮಂಡಿ ಮುರೀತು. ಇವತ್ತಿಗೂ ಚಳಿಗಾಲದಲ್ಲಿ ಕುಂಟ್ತಾನೆ. ಅಪ್ಪ ಬೈಲಿಲ್ಲ. ಮಾರನೇ ದಿನ ಪೆಡಲ್ ಹತ್ರ ಕೂತು, "ಕಟ್ಟಾಕೋದು ಎಲ್ಲಾರ್ಗೂ ನೆನಪಿರ್ತದೆ ಕಣ್ಲಾ, ಬಿಚ್ಚೋದು ಮರ್ತೋಯ್ತದೆ" ಅಂದರು.

ಹಾಗಾಗಿ ಮೇಸ್ತ್ರಿಯ ವೆಲ್ಡಿಂಗ್ ಮಾತು ಅಲ್ಲಿಗೇ ಮುಗೀತು. ಬಿಚ್ಚೋಕೇ ಬಾರದ ಕಟ್ಟು ಅದು. ಉಳಿದದ್ದು, ಕೊಡೋ ದುಡ್ಡಿಗೆ ಬರೋ ಲಾಕ್ ಯಾವ ಜಾತಿಯದು ಅನ್ನೋ ಪ್ರಶ್ನೆ.

ಎರಡೂ ದಾರಿಯ ನಡುವೆ ಮೂರನೆಯದೊಂದು ಇದೆ. 1973ರಲ್ಲಿ ಈಟನ್ ಕಂಪನಿ ಜನರಲ್ ಮೋಟಾರ್ಸ್‌ನ ಪಿಕಪ್‌ಗಳಿಗೆ ಕೊಟ್ಟದ್ದು. ಮಾಮೂಲಿ ಓಡಾಟದಲ್ಲಿ ಇದು ಸಾದಾ ಡಿಫರೆನ್ಷಿಯಲ್. ಎರಡು ಚಕ್ರದ ನಡುವೆ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದರೆ, ಒಳಗೆ ಗಿರಗಿರ ತಿರುಗೋ ಸಣ್ಣ ತೂಕಗಳು ಹೊರಕ್ಕೆ ಅರಳಿ ಒಂದು ಕೊಂಡಿಗೆ ಸಿಕ್ಕಿಕೊಳ್ಳುತ್ತವೆ. ಆ ತಡೆಯಿಂದ ಕ್ಲಚ್ ಪ್ಲೇಟು ಬಿಗಿಯಾಗಿ ಎರಡೂ ಚಕ್ರ ಒಂದಾಗುತ್ತವೆ. ಗಂಟೆಗೆ ಸುಮಾರು 30 ಕಿಲೋಮೀಟರ್ ದಾಟಿದರೆ ಇನ್ನೊಂದು ತೂಕ ಆ ಕೊಂಡಿಯನ್ನೇ ದೂರ ಸರಿಸಿ ಲಾಕ್ ಕಚ್ಚದ ಹಾಗೆ ಮಾಡುತ್ತೆ. ಕರೆಂಟಿಲ್ಲ, ಸ್ವಿಚ್ಚಿಲ್ಲ. 2015ರ ಥಾರ್‌ನ ಹಿಂದಿನ ಆಕ್ಸಲ್‌ನಲ್ಲಿ, 2021ರ ಬೊಲೆರೊ ನಿಯೊದ ಒಂದು ಮಾದರಿಯಲ್ಲಿ ಬಂದದ್ದು ಈ ಜಾತಿಯದೇ. ನಾವು ನೋಡಿದ ಗಾಡಿಯಲ್ಲೂ ಇದೇ ಇರೋದು.

ಇದಕ್ಕೂ ಮಿತಿ ಇದೆ. ಚಕ್ರದ ಸುತ್ತಳತೆ 2.2 ಮೀಟರ್ ಅಂದ್ಕೊಂಡರೆ, 100 ಸುತ್ತು ಅಂದ್ರೆ ಗಂಟೆಗೆ 13 ಕಿಲೋಮೀಟರ್ ವೇಗದಲ್ಲಿ ಟೈರು ನೆಲ ಕೆರೆಯುತ್ತೆ. ಅಂದ್ರೆ ಲಾಕ್ ಕಚ್ಚೋಕೆ ಮುಂಚೆ ಒಂದು ಚೂರು ಜಾರಲೇಬೇಕು. ಗದ್ದೆಯ ಆಳದ ಕೆಸರಲ್ಲಿ ಆ ಒಂದು ಚೂರಿಗೇ ಗುಂಡಿ ಬಿದ್ದಿರುತ್ತೆ. ಅಲ್ಲಿ ಮೊದಲೇ ಒತ್ತಿಕೊಂಡು ಇಳಿಯೋ ಪೆಡಲ್ಲೇ ಮೇಲು. ಎರಡೂ ಚಕ್ರ ಕೆಸರಲ್ಲಿದ್ದರಂತೂ ಯಾವ ಲಾಕೂ ಹೆಚ್ಚು ಮಾಡಲ್ಲ. ಧಡ್ ಅಂತ ರೇಸ್ ಒತ್ತಿ ಕಚ್ಚಿಸಿದರೆ ಹಲ್ಲು ಮುರಿಯುತ್ತೆ, ಇದು ಎಲ್ಲಾ ಲಾಕಿಗೂ ಅನ್ವಯ.

ಹಾಗಾದರೆ ನಮ್ಮ ಗಾಡಿ ಓಡಾಡೋದು ಎಲ್ಲಿ? ಒಂದು ಕಾಗದದಲ್ಲಿ ಬರ್ಕೊಂಡೆ. ಹೊಳೆನರಸೀಪುರದ ಗದ್ದೆ ಬಯಲು: ಪಿಕಪ್ ಇಳಿಸೋದೇ ಇಲ್ಲ, ಅದು ಟ್ರ್ಯಾಕ್ಟರ್ ಜಾಗ. ಅರಕಲಗೂಡಿನ ಕಡೆ ನಮ್ಮ ಹೊಗೆಸೊಪ್ಪಿನ ಹೊಲ: ಏರು ತಗ್ಗು, ಮಳೆ ಕೊರೆದ ಕೊರಕಲು, ಒಂದು ಚಕ್ರ ಗಾಳಿಯಲ್ಲಿ. ಸೊಪ್ಪಿನ ಬೇಲು ಹೇರಿಕೊಂಡು ರಾಮನಾಥಪುರದ ಹರಾಜು ಕಟ್ಟೆಗೆ ಹೋಗೋ ದಾರಿ. ಇಲ್ಲಿ ಲಾಕ್ ಬೇಕೇ ಬೇಕು. ಚನ್ನರಾಯಪಟ್ಟಣದಲ್ಲಿ ಅಕ್ಕನ ತೆಂಗಿನ ತೋಟ, ಕೆರೆ ಗೋಡು ಹೊಡೆಯೋ ಕೆಲಸ: ಮೇಲೆ ಒಣಗಿ ಒಳಗೆ ಹಸಿ ಇರೋ ಕೆರೆ ಅಂಗಳ. ಇಲ್ಲೂ ಬೇಕು, ಆದ್ರೆ ಮೊದಲು ಇಳಿದು ಕೋಲು ಚುಚ್ಚಿ ನೋಡಬೇಕು. ಆಮೇಲೆ ಹಾಸನದ ಮಾರುಕಟ್ಟೆ: ಪೂರಾ ಟಾರು. ಲೆಕ್ಕ ಹಾಕಿದರೆ ಹತ್ತು ಕಿಲೋಮೀಟರಲ್ಲಿ ಒಂಬತ್ತು ಟಾರು. ಅದೂ ಮಳೆಯಲ್ಲಿ, ಕತ್ತಲಲ್ಲಿ, ಒಳಗೆ ಮನೆ ಜನ ಅಥವಾ ಆಳುಗಳು. ಸ್ಟೀರಿಂಗ್ ಹಿಡಿಯೋರು ಮೂರು ಜನ: ನಾನು, ಅಣ್ಣನ ಮಗ, ಒಮ್ಮೊಮ್ಮೆ ಕೂಲಿ ಡ್ರೈವರ್. ಒಬ್ಬನೇ ಓಡಿಸೋ ಹಾಗಿದ್ದರೆ ನಾನು ಯೂನಿಮಾಗ್ ದಾರಿ ಹಿಡಿದು, ಕೈಯಲ್ಲೇ ಹಾಕಿ ತೆಗೆಯೋ ಲಾಕ್ ಹುಡುಕ್ತಿದ್ದೆ. ಮೂರು ಜನ ಓಡಿಸೋ ಗಾಡಿಗೆ, ಬಿಚ್ಚೋದನ್ನ ತಾನೇ ನೆನಪಿಟ್ಟುಕೊಳ್ಳೋ ಲಾಕ್ ಬೇಕು.

ಒಂದೂವರೆ ಲಕ್ಷ ಕೊಟ್ಟೆವು. ಲಾಕ್ ಇರೋ ಗಾಡಿ ತಂದೆವು. ತಂದ ದಿನವೇ ಆ ಬದುವಿನ ಹತ್ರ ಹೋಗಿ, ಎಡಗಡೆ ಚಕ್ರ ಕೆಸರಿಗೆ ಬಿಟ್ಟು ನೋಡಿದ್ವಿ. ಒಂದು ಸಲ ಗಿರ್ರ್ ಅಂತು, ಕಟ್ ಅಂತು, ಮೇಲೆ ಬಂತು. ಹುಡುಗ ಚಪ್ಪಾಳೆ ಹೊಡೆದ. ನನ್ನ ತಮ್ಮ ಬದುವಿನ ಮೇಲೆ ನಿಂತಿದ್ದ. ಏನೂ ಹೇಳದೆ ಸ್ವಲ್ಪ ದೂರ ನಡೆದು, ತಿರುವಿನ ಹತ್ರ ನಿಂತುಕೊಂಡು, "ಈಗ ಇಲ್ಲಿ ತಿರುಗ್ಸು, ನೋಡವ" ಅಂದ. ತಿರುಗಿಸಿದೆ. ಗಾಡಿ ತಿರುಗಿತು. ಆಮೇಲೇ ಅವನು ಒಳಗೆ ಹತ್ತಿ ಕೂತದ್ದು.

ಗಾಡಿ ತಗೊಳ್ಳೋರಿಗೆ ಇಷ್ಟೇ ಹೇಳ್ತೀನಿ. ಲಾಕ್ ಹೇಗೆ ಕಚ್ಚುತ್ತೆ ಅಂತ ಎಲ್ಲರೂ ತೋರಿಸ್ತಾರೆ. ಹೇಗೆ ಬಿಡುತ್ತೆ ಅಂತ ನೀವು ಕೇಳಿ. ತಿರುವಿನಲ್ಲಿ ಓಡಿಸಿ ನೋಡಿ. ಮನೆಯಲ್ಲಿ ಹಳೇ ಟ್ರ್ಯಾಕ್ಟರ್ ಇದ್ದರೆ, ಇವತ್ತೇ ಹೋಗಿ ಡಿಫ್ ಲಾಕ್ ಪೆಡಲ್ ಒಂದು ಸಲ ಒತ್ತಿ ಬಿಡಿ. ತಾನಾಗೇ ಮೇಲೆ ಬರದಿದ್ದರೆ ಆ ಸ್ಪ್ರಿಂಗ್ ಬದಲಾಯಿಸಿ. ಅದಕ್ಕೆ ಲಕ್ಷ ಏನೂ ಬೇಕಾಗಲ್ಲ.